ಗುರುಗುಟ್ಟುವ ಮುಧೋಳ ನಾಯಿಯನ್ನು ನೆಲಕ್ಕೆ ಕೆಡವಬೇಡಿ

ಒಂದೂವರೆ, ಎರಡು ವರ್ಷದ ಗಂಡು ಮುಧೋಳ ನಾಯಿ ಊಟದ ತಟ್ಟೆ ಬಳಿ ಗುರ್ ಎಂದರೆ ಸಾಕು, ‘ಯಜಮಾನ ಯಾರೆಂದು ತೋರಿಸಿ’ ಎನ್ನುವವರು ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಸಿಗುತ್ತಾರೆ. ಅಂಗಾತ ಕೆಡವಿ ಕತ್ತು ಅದುಮುವುದು ಅವರು ಹೇಳುವ ದಾರಿ. ದಯವಿಟ್ಟು ಹಾಗೆ ಮಾಡಬೇಡಿ. ಈ ಯಜಮಾನಿಕೆಯ ವಾದ ಹುಟ್ಟಿದ್ದು ಸೆರೆಯಲ್ಲಿಟ್ಟ ತೋಳಗಳ ಬಗ್ಗೆ ಸ್ವಿಟ್ಜರ್ಲೆಂಡಿನ ಪ್ರಾಣಿವರ್ತನೆ ಸಂಶೋಧಕ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಅಧ್ಯಯನದಿಂದ. ಕಾಡಿನ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳಿರುವ ಸಂಸಾರ ಎಂದು ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ 1999ರಲ್ಲಿ ಅದನ್ನು ತಿದ್ದಿದರು. ಗುರುಗುಟ್ಟುವುದು ಎಚ್ಚರಿಕೆ. ಹೊಡೆದು ಅದನ್ನು ಅಡಗಿಸಿದರೆ, ನಾಯಿ ಸದ್ದಿಲ್ಲದೆ ಕಚ್ಚುವುದನ್ನು ಕಲಿಯುತ್ತದೆ.

ಹೀಗೆ ಯಾರನ್ನೂ ಹತ್ತಿರ ಬಿಡದೆ ತಟ್ಟೆ ಕಾಯುವ ನಾಯಿಗೆ ಮಾಡಬೇಕಾದ್ದು ಇಷ್ಟು. ಎಷ್ಟು ದೂರದಲ್ಲಿ ನೀವಿದ್ದರೆ ಅದು ಮೈ ಬಿಗಿಯದೆ ತಿನ್ನುತ್ತದೆ ನೋಡಿ. ಎಂಟು ಅಡಿಯೋ ಹತ್ತೋ ಇರಬಹುದು. ಅಲ್ಲಿಂದಲೇ ಬೇಯಿಸಿದ ಕೋಳಿಯ ಮೂಳೆಯಿಲ್ಲದ ಚೂರು ತಟ್ಟೆಯತ್ತ ಎಸೆದು, ನಿಲ್ಲದೆ ನಡೆದುಬಿಡಿ. ಒಂದು ಊಟಕ್ಕೆ ಐದಾರು ಸಲ ಸಾಕು. ನೀವು ಬಂದಾಗ ನಾಯಿ ತಲೆಯೆತ್ತಿ, ಮೈ ಸಡಿಲಬಿಟ್ಟು ಚೂರಿಗೆ ಕಾಯತೊಡಗಿದ ಮೇಲೆ ಒಂದಡಿ ಹತ್ತಿರವಾಗಿ. ಗಬಗಬನೆ ತಿನ್ನತೊಡಗಿದರೆ, ಓರೆಗಣ್ಣಿನ ಬಿಳಿ ಕಂಡರೆ ಹಿಂದಿನ ದೂರಕ್ಕೇ ಮರಳಿ. ಮಕ್ಕಳು ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಲಿ.

ಮನೆಯಲ್ಲಿ ಎರಡು ಗಂಡುಗಳಿದ್ದರೆ ಜಗಳ ಹೊತ್ತಿಕೊಳ್ಳುವುದು ಇಕ್ಕಟ್ಟಿನಲ್ಲಿ: ಲಿಫ್ಟ್, ಬಾಗಿಲು, ಕಾರಿನ ಹಿಂದಿನ ಸೀಟು. ಒಂದೊಂದಾಗಿ ಕರೆದೊಯ್ಯಿರಿ, ಬೇರೆ ಬೇರೆ ಕೋಣೆಯಲ್ಲಿ ಉಣಿಸಿ. ಅಕ್ಕಪಕ್ಕದ ಹೆಣ್ಣುನಾಯಿ ಬೆದೆಗೆ ಬಂದ ಸುಮಾರು ಮೂರು ವಾರ ಇನ್ನಷ್ಟು ಎಚ್ಚರ ಬೇಕು. ಕಚ್ಚಾಟ ಶುರುವಾದರೆ ಕತ್ತಿನ ಬೆಲ್ಟಿಗೆ ಕೈ ಹಾಕಬೇಡಿ, ಕಚ್ಚು ಬೀಳುವುದು ನಿಮ್ಮ ಕೈಗೇ. ಬಕೆಟ್ ನೀರು ಎರಚಿ, ಇಲ್ಲವೇ ನಡುವೆ ದಪ್ಪ ಕಂಬಳಿ ಎಸೆಯಿರಿ. ಮುಧೋಳದ ಚರ್ಮ ತೆಳು. ಸಣ್ಣ ಕಚ್ಚಾಟಕ್ಕೂ ಹೊಲಿಗೆ ಬೀಳುತ್ತದೆ.

‘ಬೀಜ ತೆಗೆಸಿದರೆ ಸರಿಹೋಗುತ್ತದೆಯೇ?’ ಅಲ್ಲಲ್ಲಿ ಮೂತ್ರ ಹಾಯಿಸುವುದು, ಬೇರೆ ನಾಯಿಗಳ ಬೆನ್ನೇರುವುದು, ಬೆದೆಯ ವಾಸನೆಗೆ ಮನೆಬಿಟ್ಟು ಓಡುವುದು ಬಹಳಷ್ಟು ನಾಯಿಗಳಲ್ಲಿ ತಗ್ಗುತ್ತವೆ, ಅದೂ ವಾರಗಳು, ತಿಂಗಳುಗಳು ಕಳೆದ ಮೇಲೆ. ತಟ್ಟೆ ಕಾಯುವುದು ಇದರಿಂದ ಹೋಗುತ್ತದೆಂದು ನಂಬಬೇಡಿ. ಹೆದರಿ ಕಚ್ಚುವ ನಾಯಿ ಇನ್ನಷ್ಟು ಹೆದರಬಹುದು, ಆದ್ದರಿಂದ ಮೊದಲು ಆ ಹೆದರಿಕೆಗೆ ಚಿಕಿತ್ಸೆಯಾಗಲಿ. ಶಸ್ತ್ರಚಿಕಿತ್ಸೆಗೆ ಮುನ್ನ ಇದು ಕಣ್ಣಿನಿಂದ ಬೇಟೆ ಗುರುತಿಸಿ ಅಟ್ಟುವ ತಳಿ (ಸೈಟ್‌ಹೌಂಡ್) ಎಂದು ವೈದ್ಯರಿಗೆ ನೆನಪಿಸಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ತಳಿಗಳು ಥಯೋಪೆಂಟಾಲ್ ಅರಿವಳಿಕೆಯಿಂದ ಚೇತರಿಸಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತವೆ, ಬೇರೆ ಔಷಧಿಗಳಿವೆ. ಐದಾರು ವರ್ಷ ಸೌಮ್ಯವಾಗಿದ್ದ ನಾಯಿ ಒಮ್ಮೆಲೇ ಮೈಮೇಲೆ ಬಂದರೆ ಮೊದಲು ನೋವು ಹುಡುಕಿಸಿ: ಕಿವಿ, ಹಲ್ಲು, ಸೊಂಟ.

ಬೆಕ್ಕನ್ನೋ ಅಳಿಲನ್ನೋ ಕಂಡು ಕಿತ್ತುಕೊಂಡು ಓಡುವುದಕ್ಕೂ ಯಜಮಾನಿಕೆಗೂ ಸಂಬಂಧವಿಲ್ಲ. ಕಣ್ಣಿಗೆ ಬಿದ್ದದ್ದನ್ನು ಅಟ್ಟುವುದು ಆ ತಳಿಯ ರಕ್ತದಲ್ಲೇ ಇದೆ. ಅದರ ತಲೆ ಕತ್ತಿಗಿಂತ ಹೆಚ್ಚು ಅಗಲವಿಲ್ಲ, ಸಾಮಾನ್ಯ ಬೆಲ್ಟು ಜಾರಿಬಿಡುತ್ತದೆ. ಎಳೆದಾಗ ಅಳತೆಮೀರದೆ ಬಿಗಿಯುವ ಮಾರ್ಟಿಂಗೇಲ್ ಬೆಲ್ಟ್ ಹಾಕಿ. ಬೇಲಿಯಿಲ್ಲದ ಕಡೆ, ಊರಾಚೆಯ ತೋಟವಾದರೂ ಸರಿ, ಬಿಡಬೇಡಿ. ಮೊಲ ಹಿಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಓಟದ ಹಸಿವು ತೀರಿಸಲು ಬೇಲಿ ಹಾಕಿದ ಮೈದಾನದಲ್ಲಿ, ಬಿಸಿಲೇರುವ ಮೊದಲು, ಉದ್ದ ಹಗ್ಗದ ತುದಿಗೆ ಚಿಂದಿ ಕಟ್ಟಿ ನೆಲದ ಮೇಲೆ ಎಳೆದು ಅಟ್ಟಿಸಿ. ಕೊನೆಯಲ್ಲಿ ಅದು ನಾಯಿಯ ಬಾಯಿಗೆ ಸಿಗಲಿ.