ಮಳೆಗಾಲ ಕಳೆದ ಮೇಲೆ ಹಳೇ ಬೋಟ್ ಸ್ಟಾರ್ಟ್ ಆಗ್ತಿಲ್ಲ, ಎಂಜಿನ್ ಬಿಚ್ಚಿಸಬೇಕಾ?

ಓದುಗರ ಪ್ರಶ್ನೆ: ಹಾರಂಗಿ ಹಿನ್ನೀರಿನ ಪಕ್ಕ ನಮ್ಮದು ಸಣ್ಣ ಕಾಫಿ ತೋಟ. ಮನೆಯವರ ಓಡಾಟಕ್ಕೆ ಅಂತ ಒಂದು ಹಳೇ ಬೋಟ್ ಇದೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ 15 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್. ಮೇ ತಿಂಗಳಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಮಳೆಗಾಲ ಪೂರ್ತಿ ಶೆಡ್‌ನಲ್ಲಿತ್ತು. ಈಗ ಅಕ್ಟೋಬರ್‌ನಲ್ಲಿ ಎಳೆದೆಳೆದು ತೋಳು ನೋವು ಬಂತೇ ಹೊರತು ಒಂದು ಸದ್ದೂ ಇಲ್ಲ. ಎಂಜಿನ್ ಬಿಚ್ಚಿಸಬೇಕಾ?

ಉತ್ತರ: ಈಗಲೇ ಬೇಡ. ಮೇ ತಿಂಗಳಲ್ಲಿ ಓಡಿದ ಎಂಜಿನ್ ಶೆಡ್‌ನಲ್ಲಿ ಸುಮ್ನೆ ನಿಂತು ಪಿಸ್ಟನ್ ಸವೆಸಿಕೊಳ್ಳುವುದಿಲ್ಲ. ನಿಂತಲ್ಲೇ ಹಳಸುವುದು ಪೆಟ್ರೋಲ್. ನಿಮ್ಮ ಬೋಟ್ ನೋಡದೆಯೇ ನನ್ನ ಅನುಮಾನ ಅದರ ಮೇಲೆ.

ಆದರೂ ಮೊದಲು ಎರಡು ನಿಮಿಷದ ಕೆಲಸ ಮುಗಿಸಿ. ಗೇರ್ ನ್ಯೂಟ್ರಲ್‌ನಲ್ಲಿದೆಯಾ? ಎಂಜಿನ್ ತಕ್ಷಣ ಆಫ್ ಮಾಡುವ ಕಿಲ್ ಸ್ವಿಚ್‌ನ ಕ್ಲಿಪ್ ಅದರ ಜಾಗದಲ್ಲಿದೆಯಾ? ಅದಿಲ್ಲದಿದ್ದರೆ ಬೆಳಗಿನಿಂದ ಸಂಜೆವರೆಗೆ ಎಳೆದರೂ ಕಿಡಿ ಬರುವುದಿಲ್ಲ. ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ಸಡಿಲ ಮಾಡಿದ್ದೀರಾ? ಪೈಪ್ ಮಧ್ಯದ ರಬ್ಬರ್ ಬಲ್ಬನ್ನು ಹಿಚುಕಿ ನೋಡಿ, ಕೆಲವು ಸಲಕ್ಕೆ ಗಟ್ಟಿಯಾಗಬೇಕು. ಗಟ್ಟಿಯೇ ಆಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಸಾಮಾನ್ಯವಾಗಿ ಪೈಪ್ ಎಂಜಿನ್‌ಗೆ ಸೇರುವಲ್ಲಿನ ಸಣ್ಣ ರಬ್ಬರ್ ರಿಂಗ್ ಒಣಗಿ ಸೀಳಿರುತ್ತದೆ.

ಗಾಳಿ ಸ್ಕ್ರೂ ಬಗ್ಗೆ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಂದು ವರ್ಷ ಭಾವನ ಬೋಟ್‌ನಲ್ಲಿ ಅದನ್ನು ಬಿಚ್ಚಲು ಮರೆತು ಹೊರಟೆವು. ಎಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಯಿತು. ಟ್ಯಾಂಕ್ ಒಳಗೆ ಗಾಳಿ ಹೋಗಲು ದಾರಿಯಿಲ್ಲ, ಹಾಗಾಗಿ ಸ್ವಲ್ಪ ಹೊತ್ತಿಗೆ ಪೆಟ್ರೋಲ್ ಬರುವುದು ನಿಂತಿತು, ಹಿನ್ನೀರಿನ ನಟ್ಟ ನಡುವೆ. ಹುಟ್ಟು ಮನೆಯಲ್ಲೇ ಇತ್ತು. ಕೂರುವ ಹಲಗೆ ಕಿತ್ತು ಅದರಲ್ಲೇ ನೀರು ತಳ್ಳುತ್ತಾ ದಡ ಸೇರಿದೆವು. ಅಕ್ಕ ಇವತ್ತಿಗೂ ಆಡಿಕೊಳ್ಳುವುದು ಬಿಟ್ಟಿಲ್ಲ.

ಇದೆಲ್ಲ ಸರಿಯಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಒದ್ದೆಯಾ, ಒಣಗಿದೆಯಾ? ಅಷ್ಟು ಹೊತ್ತು ಎಳೆದ ಮೇಲೂ ಒಣಗಿದ್ದರೆ ಪೆಟ್ರೋಲ್ ಒಳಗೆ ತಲುಪುತ್ತಿಲ್ಲ. ಒದ್ದೆಯಿದ್ದರೆ ಮೂರು ಸಾಧ್ಯತೆ: ಕಿಡಿ ಬರುತ್ತಿಲ್ಲ, ಚೋಕ್ ಎಳೆದೆಳೆದು ಪೆಟ್ರೋಲ್ ಜಾಸ್ತಿ ತುಂಬಿದೆ, ಇಲ್ಲವೇ ಹೋಗುತ್ತಿರುವುದೇ ಕೆಟ್ಟ ಪೆಟ್ರೋಲ್.

ಕಿಡಿ ನೋಡುವುದು ಬೈಕ್‌ನಂತೆಯೇ. ಪ್ಲಗ್ಗನ್ನು ಅದರ ಕ್ಯಾಪ್‌ಗೆ ಸೇರಿಸಿ, ಲೋಹದ ಭಾಗ ಎಂಜಿನ್‌ಗೆ ತಾಗುವಂತೆ ಇಟ್ಟು, ಬೇರೆಯವರಿಂದ ಹಗ್ಗ ಎಳೆಸಿ. ನೀಲಿ ಕಿಡಿ ಟಪ್ ಅಂತ ಹಾರಬೇಕು. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ. ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ, ಪ್ಲಗ್ ಬಿಚ್ಚಿದ ತೂತಿನ ಹತ್ತಿರ ಈ ಪರೀಕ್ಷೆ ಬೇಡವೇ ಬೇಡ. ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ. ಆಮೇಲೆ ವೈರ್‌ಗಳನ್ನು ನೋಡಿ, ಮಳೆಗಾಲದಲ್ಲಿ ಶೆಡ್‌ನ ಇಲಿಗೆ ಬೇರೆ ಕೆಲಸ ಏನಿರುತ್ತದೆ?

ಕಿಡಿ ಇದೆ ಅಂದುಕೊಳ್ಳಿ. ಆಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ ಒಂದಿದೆ. ಆಯಿಲ್ ಬೆರೆಸಿದ ಹೊಸ ಪೆಟ್ರೋಲನ್ನು ಅರ್ಧ ಚಮಚದಷ್ಟು ಪ್ಲಗ್ ತೂತಿನೊಳಗೆ ಹಾಕಿ, ಚೆಲ್ಲಿದ್ದನ್ನು ಒರೆಸಿ, ಪ್ಲಗ್ ಬಿಗಿದು ಎಳೆಯಿರಿ. ಎಂಜಿನ್ ಎರಡು ಸೆಕೆಂಡ್ ಗುಡುಗಿ ಸತ್ತರೆ ಖುಷಿಪಡಿ. ಎಂಜಿನ್ ಚೆನ್ನಾಗಿದೆ, ತೊಂದರೆ ಟ್ಯಾಂಕ್‌ನಿಂದ ಹಿಡಿದು ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ತನಕ ಎಲ್ಲೋ ಇದೆ.

ಪೆಟ್ರೋಲ್ ಅಷ್ಟು ಬೇಗ ಯಾಕೆ ಕೆಡುತ್ತದೆ? ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ತನಕ ಎಥನಾಲ್ ಇರುತ್ತದೆ. ಎಥನಾಲ್‌ಗೆ ನೀರು ಅಂದರೆ ಪ್ರಾಣ. ನಮ್ಮ ಕೊಡಗಿನ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಬೀರುವಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಅಂಥ ಗಾಳಿ ಅರ್ಧ ತುಂಬಿದ ಟ್ಯಾಂಕ್ ಒಳಗೆ ಹೋಗಿ ಬಂದು ಮಾಡುತ್ತಿದ್ದರೆ ಎಥನಾಲ್ ಆ ತೇವವನ್ನು ಕುಡಿಯುತ್ತಾ ಹೋಗುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು, ಎಥನಾಲ್ ಎರಡೂ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಹೋಗುವ ಪೈಪ್ ಹೀರುವುದು ತಳದಿಂದಲೇ ಅಲ್ವಾ? ಇನ್ನೂ ಕೆಟ್ಟ ಸಂಗತಿ ಏನೆಂದರೆ, ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್ ಜೊತೆ ಉಳಿದಿರುತ್ತದೆ. ತಳದ ನೀರಿನಲ್ಲಿ ಆಯಿಲ್ ಇರುವುದಿಲ್ಲ. ಅದರಲ್ಲಿ ಹೇಗೋ ಎಂಜಿನ್ ಓಡಿದರೂ ಪಿಸ್ಟನ್‌ಗೇ ಪೆಟ್ಟು.

ಆದ್ದರಿಂದ ಹಳೇ ಪೆಟ್ರೋಲ್‌ಗೆ ಹೊಸದು ಬೆರೆಸಿ ಸುಧಾರಿಸುವ ಯೋಚನೆ ಬಿಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ತಳದ ಪದರ ಕಣ್ಣಿಗೇ ಕಾಣಬಹುದು. ಆ ಪೆಟ್ರೋಲನ್ನು ಹಿನ್ನೀರಿಗೋ ಕಾಫಿ ಬುಡಕ್ಕೋ ಸುರಿಯಬೇಡಿ. ಮುಚ್ಚಳವಿರುವ ಕ್ಯಾನ್‌ನಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡಿ.

ಆಮೇಲೆ ಕಾರ್ಬುರೇಟರ್. ಅದರ ಬಟ್ಟಲಿನ ಕೆಳಗೆ ಒಂದು ಸ್ಕ್ರೂ ಇರುತ್ತದೆ, ಬಿಚ್ಚಿ ಒಳಗಿದ್ದುದನ್ನು ಇಳಿಸಿ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಆಗುತ್ತದೆ. ಆಗದಿದ್ದರೆ ಬಟ್ಟಲು ತೆಗೆದು ಜೆಟ್ ಸ್ವಚ್ಛ ಮಾಡಬೇಕು. ಪೆಟ್ರೋಲ್ ಆರಿದ ಮೇಲೆ ಉಳಿಯುವ ಅಂಟು ಅದರ ಸೂಜಿ ತೂತನ್ನು ಕಟ್ಟಿಹಾಕುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ, ತಂತಿ ತೂರಿಸಬೇಡಿ, ತೂತು ದೊಡ್ಡದಾದೀತು. ತೋಟದ ಕಳೆ ಮಷೀನ್ ಬಿಚ್ಚಿ ಜೋಡಿಸುವವರಿಗೆ ಇದೇನು ಹೊಸ ವಿದ್ಯೆಯಲ್ಲ. ಹಾಗೇ ಪೈಪ್, ಬಲ್ಬ್ ಎರಡೂ ಮುಟ್ಟಿದರೆ ಅಂಟುತ್ತಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಹಳೇ ರಬ್ಬರ್ ಎಥನಾಲನ್ನು ತಡೆಯುವುದಿಲ್ಲ. ಹೊಸ ಬಲ್ಬ್ ಹಾಕುವಾಗ ಬಾಣದ ಗುರುತು ಎಂಜಿನ್ ಕಡೆಗಿರಲಿ.

ಕಳೆ ಮಷೀನ್ ಅಂದೆನಲ್ಲ, ಅದರ ಆಯಿಲನ್ನು ಮಾತ್ರ ಬೋಟ್‌ಗೆ ಹಾಕಬೇಡಿ. ಅದು ಗಾಳಿಯಿಂದ ತಣ್ಣಗಾಗುವ ಎಂಜಿನ್‌ಗೆ ಮಾಡಿದ್ದು. ನೀರಿನಿಂದ ತಣ್ಣಗಾಗುವ ಬೋಟ್ ಎಂಜಿನ್‌ಗೆ ಟಿಸಿ-ಡಬ್ಲ್ಯು3 ಎಂದು ಬರೆದಿರುವ ಆಯಿಲ್ ಬೇಕು. ಎಷ್ಟು ಬೆರೆಸಬೇಕೆಂದು ಎಂಜಿನ್‌ನ ಪುಸ್ತಕ ನೋಡಿ. 50ಕ್ಕೆ 1 ಎಂದಿದ್ದರೆ 5 ಲೀಟರ್ ಪೆಟ್ರೋಲ್‌ಗೆ 100 ಮಿಲಿ.

ಸ್ಟಾರ್ಟ್ ಆಯಿತು ಅಂತ ಖುಷಿಯಲ್ಲಿ ನೆಲದ ಮೇಲೆ ಹಾಗೇ ಓಡಿಸಬೇಡಿ. ನೀರು ಎಳೆಯುವ ಇಂಪೆಲ್ಲರ್ ರಬ್ಬರಿನದು, ನೀರಿಲ್ಲದೆ ತಿರುಗಿದರೆ ಬೇಗನೆ ಸುಟ್ಟುಹೋಗುತ್ತದೆ. ಕೆಳಭಾಗ ಮುಳುಗುವಷ್ಟು ನೀರಿನ ಡ್ರಮ್‌ನಲ್ಲಿ ನಿಲ್ಲಿಸಿ, ಗೇರ್ ಹಾಕದೆ ಓಡಿಸಿ. ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ತಕ್ಷಣ ಆಫ್ ಮಾಡಿ. ನಮ್ಮ ಕಡೆ ಆ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ನೈಲಾನ್ ದಾರ ತೂರಿಸಿ ನೋಡಿ. ಗೂಡಿಲ್ಲದಿದ್ದರೆ ಇಂಪೆಲ್ಲರ್ ಬದಲಿಸುವುದೇ ಸರಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಡದ ಕೆಸರು ನೀರನ್ನೇ ಎಳೆದು ಅದು ಸವೆದಿರುತ್ತದೆ. ಗೇರ್ ಆಯಿಲನ್ನೂ ಒಂಚೂರು ಇಳಿಸಿ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ಸೀಲ್ ಹೋಗಿ ನೀರು ಸೇರಿದೆ.

ಇಷ್ಟೂ ಮಾಡಿದ ಮೇಲೆ ಕಿಡಿ, ಹೊಸ ಪೆಟ್ರೋಲ್ ಎರಡೂ ಇದ್ದು ಎಂಜಿನ್ ಏಳದಿದ್ದರೆ, ಅಥವಾ ಹಗ್ಗ ಎಳೆಯುವಾಗ ಒಂಚೂರೂ ಬಿಗಿಯಿಲ್ಲದೆ ಸಲೀಸಾಗಿ ಬಂದರೆ, ಆಗ ಮೆಕ್ಯಾನಿಕ್‌ನನ್ನು ಕರೆಸಿ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿ. ಬಿಚ್ಚುವ ಮಾತು ಆಮೇಲೆ.

ಮುಂದಿನ ಮೇ ತಿಂಗಳಲ್ಲಿ ಬೋಟ್ ಒಳಗಿಡುವ ದಿನ ಡ್ರಮ್‌ನಲ್ಲಿ ಎಂಜಿನ್ ಓಡುತ್ತಿರುವಾಗಲೇ ಪೆಟ್ರೋಲ್ ಪೈಪ್ ಕಳಚಿ, ತಾನಾಗಿ ಆಫ್ ಆಗುವವರೆಗೆ ಬಿಡಿ. ಕಾರ್ಬುರೇಟರ್‌ನಲ್ಲಿ ಉಳಿದ ಒಂದೆರಡು ಹನಿಯನ್ನು ಸ್ಕ್ರೂ ಬಿಚ್ಚಿ ಇಳಿಸಿ. ಟ್ಯಾಂಕ್‌ನ ಪೆಟ್ರೋಲನ್ನೂ ಖಾಲಿ ಮಾಡಿ. ಪ್ಲಗ್ ತೂತಿಗೆ ಸ್ವಲ್ಪ ಆಯಿಲ್ ಬಿಟ್ಟು, ಕಿಲ್ ಸ್ವಿಚ್ ಕ್ಲಿಪ್ ತೆಗೆದು, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆಯಿರಿ. ಎಂಜಿನನ್ನು ನೆಟ್ಟಗೆ ನಿಲ್ಲಿಸಿಡಿ, ಒಳಗಿನ ನೀರು ಇಳಿದುಹೋಗುತ್ತದೆ. ಪ್ಲಾಸ್ಟಿಕ್ ಸುತ್ತಿ ಕಟ್ಟಬೇಡಿ, ಒಳಗೇ ಬೆವರುತ್ತದೆ.

ಮಳೆಗಾಲ ಕಳೆದ ಮೇಲಿನ ಮೊದಲ ಓಟ ದಡ ಬಿಟ್ಟು ದೂರ ಹೋಗದೆ ಇರಲಿ. ಲೈಫ್ ಜಾಕೆಟ್ ಹಾಕಿಕೊಳ್ಳಿ. ಹುಟ್ಟು ಎರಡೂ ಬೋಟ್ ಒಳಗಿವೆಯಾ ನೋಡಿಕೊಂಡು ಹೊರಡಿ. ನಮ್ಮ ಹಲಗೆಯ ಮೊಳೆ ಇನ್ನೂ ಸಡಿಲವಾಗಿಯೇ ಇದೆ.