ಓದುಗರ ಪ್ರಶ್ನೆ: ಹೋಮ್‌ಸ್ಕೂಲ್ ಲಾಗ್‌ನಲ್ಲಿ ದಿನಾ ಎಷ್ಟು ಬರೆಯಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಈ ವರ್ಷ ಮಗನನ್ನು ಸ್ಕೂಲಿಂದ ಬಿಡಿಸಿ, ಮನೆಯಲ್ಲೇ ಓದಿಸುವವರಿಗೆ ಅಂತ ಇರುವ ಒಂದು ಚಾರ್ಟರ್ ಸ್ಕೂಲಿಗೆ (ಸರ್ಕಾರದ ದುಡ್ಡಿನಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆ) ಸೇರಿಸಿದೆವು. ಅವನಿಗೆ ನಾಲ್ಕನೇ ಕ್ಲಾಸು. ಏನು ಓದಿದ ಅಂತ ದಿನಾ ಲಾಗ್ ತುಂಬಬೇಕು, ತಿಂಗಳಿಗೊಮ್ಮೆ ಅವನು ಮಾಡಿದ ಕೆಲಸದ ಮಾದರಿ, ಅಂದರೆ ವರ್ಕ್ ಸ್ಯಾಂಪಲ್, ಕೊಡಬೇಕು ಅಂದಿದ್ದಾರೆ. ಪಾಠ ಮುಗಿಸಿ ರಾತ್ರಿ ಒಂದು ಗಂಟೆ ಕೂತು ಬರೆಯುತ್ತಿದ್ದೇನೆ. ನಿಜಕ್ಕೂ ಇಷ್ಟು ಬೇಕಾ?

ಉತ್ತರ: ಬೇಡ. ದಿನಕ್ಕೆ ಐದು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತಿದೆ ಅಂದರೆ, ಬಹುಶಃ ನೀವು ಎರಡು ಬೇರೆ ಲೆಕ್ಕಗಳನ್ನು ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದೀರಿ. ನಾನೂ ಮೊದಲ ವರ್ಷ ಅದೇ ಮಾಡಿದ್ದೆ.

ಊರಿನ ಶಾಲೆ ನೆನಪು ಮಾಡಿಕೊಳ್ಳಿ. ಮೇಷ್ಟ್ರ ಮೇಜಿನ ಮೇಲೆ ಹಾಜರಿ ಪುಸ್ತಕ ಇರುತ್ತಿತ್ತು. ನಮ್ಮ ಚೀಲದಲ್ಲಿ ಕಾಪಿ ಪುಸ್ತಕ ಇರುತ್ತಿತ್ತು. ಹಾಜರಿ ಕರೆಯುವಾಗ ಯಾರೂ ಮಗ್ಗಿ ಕೇಳುತ್ತಿರಲಿಲ್ಲ, ‘ಹಾಜರ್ ಸಾರ್’ ಅಂದರೆ ಮುಗಿಯಿತು. ನಿಮ್ಮ ಲಾಗ್ ಆ ಹಾಜರಿ ಪುಸ್ತಕ. ಸ್ಯಾಂಪಲ್ ಅನ್ನುವುದು ಕಾಪಿ ಪುಸ್ತಕ. ಇವತ್ತು ಓದು ನಡೆಯಿತಾ ಅನ್ನುವುದಕ್ಕೆ ಲಾಗ್ ಉತ್ತರ ಕೊಡಬೇಕು. ಮಗುವಿಗೆ ಏನು ಬರುತ್ತೆ ಅನ್ನುವುದಕ್ಕೆ ಸ್ಯಾಂಪಲ್ ಉತ್ತರ ಕೊಡುತ್ತೆ. ಲಾಗ್‌ನಲ್ಲೇ ಮಗುವಿನ ಬುದ್ಧಿವಂತಿಕೆಯನ್ನೆಲ್ಲ ಸಾಬೀತು ಮಾಡಲು ಹೊರಟರೆ ರಾತ್ರಿ ಒಂದು ಗಂಟೆ ಏನು, ಎರಡು ಗಂಟೆಯೂ ಸಾಲದು.

ಇಷ್ಟೆಲ್ಲ ಯಾಕೆ ಕೇಳುತ್ತಾರೆ ಅಂತ ಗೊತ್ತಾದರೆ ಅರ್ಧ ಹೊರೆ ಇಳಿಯುತ್ತೆ. ಮನೆಯಲ್ಲಿ ಓದಿದರೂ ಚಾರ್ಟರ್‌ಗೆ ಸೇರಿದ ಮಗು ಲೆಕ್ಕಕ್ಕೆ ಸರ್ಕಾರಿ ಶಾಲೆಯ ವಿದ್ಯಾರ್ಥಿಯೇ. ಇಲ್ಲಿ ಶಾಲೆಗೆ ದುಡ್ಡು ಬರುವುದು ಹಾಜರಿಯ ಮೇಲೆ. ಕ್ಲಾಸ್‌ರೂಮಿನಲ್ಲಿ ಮಗು ಕಣ್ಣೆದುರಿಗೆ ಕೂತಿರುತ್ತೆ, ಎಣಿಸಿದರೆ ಆಯಿತು. ಮನೆಯಲ್ಲಿ ಅಡುಗೆಮನೆ ಟೇಬಲ್ ಹತ್ತಿರ ಕೂತ ಮಗುವನ್ನು ಯಾರು ಎಣಿಸುತ್ತಾರೆ? ಅದಕ್ಕೆ ಕ್ಯಾಲಿಫೋರ್ನಿಯಾದ ಶಿಕ್ಷಣ ಕಾಯ್ದೆ ಒಂದು ದಾರಿ ಮಾಡಿದೆ. ಇಂಡಿಪೆಂಡೆಂಟ್ ಸ್ಟಡಿಯಲ್ಲಿ, ಅಂದರೆ ಹೀಗೆ ಕ್ಲಾಸ್‌ರೂಮಿನ ಹೊರಗೆ ಓದುವಾಗ, ಮಗು ಮಾಡಿದ ಕೆಲಸವನ್ನು ಶಾಲೆಯ ಕಡೆಯ, ಲೈಸೆನ್ಸ್ ಇರುವ ಟೀಚರ್ ಖುದ್ದಾಗಿ ನೋಡಿ, ಅದು ಎಷ್ಟು ಹೊತ್ತಿನ ಓದಿಗೆ ಸಮ ಅಂತ ತೀರ್ಮಾನಿಸಬೇಕು. ಇದಕ್ಕೆ ‘ಟೈಮ್ ವ್ಯಾಲ್ಯೂ’ ಅನ್ನುತ್ತಾರೆ. ಮಗು ಎಷ್ಟು ನಿಮಿಷ ಕುರ್ಚಿ ಬಿಟ್ಟು ಏಳಲಿಲ್ಲ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಹಾಗಾಗಿ ‘9:10ರಿಂದ 9:55 ಗಣಿತ’ ಅಂತ ಗಡಿಯಾರ ನೋಡಿ ಬರೆಯುವ ಅಭ್ಯಾಸ ಇದ್ದರೆ, ಶಾಲೆ ಅದನ್ನು ಕೇಳಿಲ್ಲ ಅಂದರೆ, ಇವತ್ತೇ ಬಿಟ್ಟುಬಿಡಿ.

ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಚಾರ್ಟರ್ ಶಾಲೆಗಳು ಹಾಜರಿಯ ದಾಖಲೆಯನ್ನು ಆಯಾ ಹೊತ್ತಿನಲ್ಲೇ ಬರೆದಿಟ್ಟಿರಬೇಕು, ಆಡಿಟ್‌ಗೆ ಕೇಳಿದಾಗ ತೋರಿಸಬೇಕು. ಆಯಾ ಹೊತ್ತಿನಲ್ಲೇ. ತಿಂಗಳ ಕೊನೆಯಲ್ಲಿ ಕೂತು ನೆನಪಿನಿಂದ ತುಂಬಿದ್ದು ನಡೆಯಲ್ಲ. ಟೀಚರ್ ‘ದಿನಾ ಬರೀರಿ’ ಅಂತ ಜೀವ ತಿನ್ನುವುದು ಇದಕ್ಕೇ. 2019ರಲ್ಲಿ ಸ್ಯಾನ್ ಡಿಯಾಗೋ ಕೌಂಟಿಯಲ್ಲಿ ಆನ್‌ಲೈನ್ ಚಾರ್ಟರ್‌ಗಳ ಒಂದು ಜಾಲದ ವಿರುದ್ಧ ದೊಡ್ಡ ಕೇಸ್ ಆಯಿತು. 11 ಜನರ ಮೇಲೆ ಆರೋಪ ಹೊರಿಸಿದರು. ಕ್ರೀಡಾ ತಂಡಗಳಲ್ಲಿದ್ದ ಮಕ್ಕಳ ಹೆಸರನ್ನು ಶಾಲೆಯ ಪಟ್ಟಿಗೆ ಸೇರಿಸಿ, ಪಾಠವೇ ಮಾಡದೆ ಸರ್ಕಾರದ ದುಡ್ಡು ತೆಗೆದುಕೊಂಡರು ಅನ್ನುವುದು ಆರೋಪ. ಯಾರೋ ಮಾಡಿದ ತಪ್ಪಿಗೆ ನಾವ್ಯಾಕೆ ಲಾಗ್ ಬರೀಬೇಕು ಅಂತ ಅನಿಸುತ್ತೆ, ನಿಜ. ಆದರೆ ನಿಮ್ಮ ಟೀಚರ್ ಜಾಗದಲ್ಲಿ ನಿಂತು ನೋಡಿ. ಸಹಿ ಹಾಕುವುದು ಅವರು.

ಸರಿ, ಲಾಗ್‌ನಲ್ಲಿ ಏನು ಬರೆಯುವುದು? ನನ್ನ ಮೊದಲ ತಿಂಗಳ ಒಂದು ಸಾಲು ಹೀಗಿತ್ತು: ‘ಭಿನ್ನರಾಶಿಯ ಪರಿಕಲ್ಪನೆಯನ್ನು ವಿವರವಾಗಿ ಬೋಧಿಸಲಾಯಿತು.’ ಓದಿದರೆ ಸರ್ಕಾರಿ ಸುತ್ತೋಲೆ ಥರ ಇದೆ. ಅದರಲ್ಲಿ ಮಗುವೇ ಇಲ್ಲ. ನಾನು ಏನು ಮಾಡಿದೆ ಅಂತ ಇದೆ, ನನ್ನ ಮಗಳು ಏನು ಮಾಡಿದಳು ಅಂತ ಇಲ್ಲ. ಈಗ ಬರೆಯುವುದು: ‘ಮೂರು ಚಪಾತಿಯನ್ನು ನಾಲ್ಕು ಜನಕ್ಕೆ ಸಮನಾಗಿ ಕತ್ತರಿಸಿದಳು, ಒಬ್ಬರಿಗೆ ಮುಕ್ಕಾಲು ಅಂತ ಚಿತ್ರ ಬರೆದಳು.’ ಅಷ್ಟೇ. ಕರ್ತೃ ಮಗು ಆಗಿರಬೇಕು, ಕ್ರಿಯಾಪದ ಕಣ್ಣಿಗೆ ಕಾಣುವಂಥದ್ದಾಗಿರಬೇಕು. ಕತ್ತರಿಸಿದಳು, ಅಳೆದಳು, ಓದಿ ಹೇಳಿದಳು, ತಪ್ಪು ಹುಡುಕಿದಳು. ‘ಅರ್ಥ ಮಾಡಿಕೊಂಡಳು’ ಅನ್ನುವ ಪದ ಬಂದರೆ ಹೊಡೆದುಹಾಕಿ. ಅರ್ಥ ಆಗಿದ್ದು ನಿಮಗೆ ಹೇಗೆ ಗೊತ್ತಾಯಿತೋ ಅದನ್ನೇ ಬರೆಯಿರಿ.

ಒಂದು ಇಡೀ ದಿನದ ಉದಾಹರಣೆ ಕೊಡುತ್ತೇನೆ. ಇಲ್ಲಿ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ ಅನ್ನುವುದು ಎಲ್ಲರ ಮನೆಯ ಗೋಳು. ಹಿಟ್ಟನ್ನು ಓವನ್‌ನಲ್ಲಿಟ್ಟು ಒಳಗಿನ ಲೈಟ್ ಮಾತ್ರ ಹಾಕಿಡುತ್ತೇವೆ. ‘ಲೈಟ್ ಹಾಕಿದರೆ ಹಿಟ್ಟು ಯಾಕೆ ಉಬ್ಬುತ್ತೆ?’ ಅಂತ ಮಗಳು ಕೇಳಿದಳು. ಉತ್ತರ ಹೇಳುವ ಬದಲು ಎರಡು ಗಾಜಿನ ಲೋಟ ಕೊಟ್ಟೆ. ಒಂದೇ ಅಳತೆಯ ಹಿಟ್ಟು, ಎರಡಕ್ಕೂ ನಾಲ್ಕು ಸೆಂಟಿಮೀಟರ್ ಎತ್ತರಕ್ಕೆ. ಒಂದು ಓವನ್ನೊಳಗೆ, ಇನ್ನೊಂದು ಕಿಟಕಿ ಹತ್ತಿರ. ಹೊರಗಡೆ ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ನಲ್ಲಿ ಗೆರೆ ಎಳೆದಳು. ಬೆಳಗ್ಗೆ ಎಂಟರಿಂದ ಎರಡು ಗಂಟೆಗೊಮ್ಮೆ ನೋಡಿ ಗೆರೆ ಹಾಕಿದಳು. ಸಂಜೆ ಆರಕ್ಕೆ ಓವನ್ನಿನ ಲೋಟ ಏಳೂವರೆ ಮುಟ್ಟಿತ್ತು. ಕಿಟಕಿಯದು ನಾಲ್ಕೂಕಾಲಿನಲ್ಲೇ ತೂಕಡಿಸುತ್ತಿತ್ತು. ಆಮೇಲೆ ಒಂದು ಹಾಳೆಯಲ್ಲಿ ಗ್ರಾಫ್ ಬರೆದು ಕೆಳಗೆ ಮೂರು ಸಾಲು ಬರೆದಳು. ಮೂರನೇ ಸಾಲು: ‘ಲೈಟಿಗೆ ಅಲ್ಲ, ಬಿಸಿಗೆ ಅಂತ ಅನ್ಸುತ್ತೆ. ನಾಳೆ ಲೈಟ್ ಹಾಕಿ ಬಾಗಿಲು ತೆಗೆದಿಟ್ಟು ನೋಡ್ತೀನಿ.’

ಇದು ಲಾಗ್‌ನಲ್ಲಿ ಎಷ್ಟು ಜಾಗ ಹಿಡಿಯಿತು? ಎರಡು ಸಾಲು. ‘ವಿಜ್ಞಾನ: ಇಡ್ಲಿ ಹಿಟ್ಟು ಎರಡು ಜಾಗದಲ್ಲಿಟ್ಟು ಹತ್ತು ಗಂಟೆ ಅಳೆದಳು. ಗಣಿತ: ಅಳತೆಗಳಿಂದ ಲೈನ್ ಗ್ರಾಫ್.’ ಹಾಜರಿಗೆ ಅಷ್ಟು ಸಾಕು. ಆ ಗ್ರಾಫ್ ಹಾಳೆಯ ಮೂಲೆಯಲ್ಲಿ ಹೆಸರು, ತಾರೀಖು ಬರೆದು ಫೋನಲ್ಲಿ ಒಂದು ಫೋಟೋ. ಆ ತಿಂಗಳ ವಿಜ್ಞಾನದ ಸ್ಯಾಂಪಲ್ ಅಲ್ಲಿಗೆ ಮುಗಿಯಿತು. ಹುದುಗುವಿಕೆ ಬಗ್ಗೆ ನಾನು ಏನು ಹೇಳಿದೆ, ಯಾವ ವಿಡಿಯೋ ತೋರಿಸಿದೆ, ಯಾವುದೂ ಬೇಕಾಗಲಿಲ್ಲ.

ಸ್ಯಾಂಪಲ್ ಎಷ್ಟು ಅನ್ನುವುದು ನಿಮ್ಮ ಶಾಲೆಯ ನಿಯಮ. ಸಾಮಾನ್ಯವಾಗಿ ಸುಮಾರು 20 ಶಾಲಾ ದಿನಗಳ ಒಂದು ಲರ್ನಿಂಗ್ ಪೀರಿಯಡ್‌ಗೆ ಪ್ರತಿ ವಿಷಯದಿಂದ ಒಂದು ಕೇಳುತ್ತಾರೆ. ವರ್ಷದ ಮೊದಲಿಗೆ ನೀವು, ಮಗ, ಟೀಚರ್ ಸೇರಿ ಸಹಿ ಹಾಕಿದ ಒಪ್ಪಂದ ಇದೆಯಲ್ಲ, ಕೆಲಸವನ್ನು ಯಾವಾಗ, ಹೇಗೆ ಒಪ್ಪಿಸಬೇಕು, ಎಷ್ಟು ತಪ್ಪಿಸಿದರೆ ವಿಚಾರಿಸುತ್ತಾರೆ ಅನ್ನುವುದೆಲ್ಲ ಅದರಲ್ಲೇ ಇರುತ್ತೆ. ಬಹಳ ಜನ ಅದನ್ನು ಓದದೆ ಸಹಿ ಹಾಕಿ, ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಕೇಳುತ್ತಾರೆ.

ಯಾವುದನ್ನು ಕೊಡಬೇಕು ಅನ್ನುವುದರಲ್ಲಿ ಮಾತ್ರ ಅಮ್ಮಂದಿರು, ಅಪ್ಪಂದಿರು ಒಂದು ತಪ್ಪು ಮಾಡುತ್ತಾರೆ. ಚೆನ್ನಾಗಿರುವುದನ್ನು ಆರಿಸುತ್ತಾರೆ. ನಾನು ಒಂದು ಸಲ ಮಗಳ ಕನ್ನಡ ಹಾಳೆಯನ್ನು ಕೊಡುವಾಗ, ಅವಳು ‘ಮಲೆ ಬಂತು’ ಅಂತ ಬರೆದದ್ದನ್ನು ಅಳಿಸಿ ‘ಮಳೆ’ ಮಾಡಿಸಿ, ಅಂಕುಡೊಂಕಾದ ಸಾಲನ್ನೆಲ್ಲ ಮತ್ತೆ ಬರೆಸಿದ್ದೆ. ಮಳೆಯನ್ನು ಮಲೆ ಅಂತ ಬರೆದದ್ದು ನೋಡಿದರೆ ನಮ್ಮಮ್ಮ ಏನಂದಾರು ಅನ್ನುವ ಭಯ! ಟೀಚರ್‌ಗೆ ಕನ್ನಡದ ಒಂದಕ್ಷರವೂ ಬರಲ್ಲ. ಆದರೂ ಹಾಳೆ ನೋಡಿದವರೇ ಕೇಳಿದರು, ‘ಇದು ಅವಳದೇ ಮೊದಲ ಬರಹವಾ?’ ರಬ್ಬರ್ ಉಜ್ಜಿದ ಗುರುತು ಕಾಣುತ್ತಿತ್ತು. ಆಮೇಲಿಂದ ತಪ್ಪಿರುವ ಹಾಳೆಯನ್ನೇ ಇಟ್ಟುಕೊಳ್ಳುತ್ತೇನೆ. ಸೆಪ್ಟೆಂಬರ್‌ನಲ್ಲಿ ‘ಮಲೆ’, ‘ಹಲ್ಲಿ’ ಅಂತ ಬರೆದ ಹಾಳೆ. ಫೆಬ್ರವರಿಯಲ್ಲಿ ‘ಮಳೆ’, ‘ಹಳ್ಳಿ’ ಸರಿಯಾಗಿ ಬಂದು, ಹುಮ್ಮಸ್ಸಿನಲ್ಲಿ ‘ಹಾಲು’ ಕೂಡ ‘ಹಾಳು’ ಆದ ಹಾಳೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಐದು ತಿಂಗಳ ಕಲಿಕೆ ಕಾಣುತ್ತೆ.

ಕನ್ನಡದ ಬರಹ ಕೊಡುವಾಗ ಪಕ್ಕದಲ್ಲಿ ಮಗುವಿನ ಕೈಯಿಂದಲೇ ಅದರ ಅರ್ಥವನ್ನು ಇಂಗ್ಲಿಷ್‌ನಲ್ಲಿ ಬರೆಸಿ. ಟೀಚರ್‌ಗೆ ಓದಲು ಸಿಗುತ್ತೆ, ಮಗುವಿಗೆ ಅನುವಾದದ ಅಭ್ಯಾಸವೂ ಆಯಿತು. ಅಜ್ಜಿ ಜೊತೆ ವಿಡಿಯೋ ಕಾಲಿನಲ್ಲಿ ಕಥೆ ಓದುವುದು ಇದ್ದರೆ ಅದನ್ನೂ ಲಾಗ್‌ಗೆ ಹಾಕಿ, ಸುಮ್ನೆ ಬಿಡಬೇಡಿ.

ಇನ್ನು ಒಂದು ವಿಷಯ ನಮ್ಮ ಮನೆಗಳಿಗೆ ಮುಖ್ಯ. ಚಾರ್ಟರ್ ಸರ್ಕಾರಿ ಶಾಲೆ ಆದ್ದರಿಂದ ಕಾಯ್ದೆ ಪ್ರಕಾರ ಯಾವ ಧರ್ಮಕ್ಕೂ ಸೇರಿರಬಾರದು. ಶ್ಲೋಕ ಬಾಯಿಪಾಠವನ್ನೋ, ಪೂಜೆ ವಿಧಾನದ ಪುಸ್ತಕದ ಹಾಳೆಯನ್ನೋ ಸ್ಯಾಂಪಲ್ ಆಗಿ ಕೊಟ್ಟರೆ ವಾಪಸ್ ಬರುತ್ತೆ. ಮನೆಯಲ್ಲಿ ಕಲಿಸಬೇಡಿ ಅಂತ ಯಾರೂ ಹೇಳಲ್ಲ, ಶಾಲೆಯ ಲೆಕ್ಕಕ್ಕೆ ಸೇರಿಸಬೇಡಿ ಅಂತ ಅಷ್ಟೇ. ಅದೇ ರಂಗೋಲಿಯಲ್ಲಿ ಚುಕ್ಕಿ ಎಣಿಸಿ, ಮಡಿಸಿದರೆ ಎಷ್ಟು ಕಡೆ ಸಮ ಬರುತ್ತೆ ಅಂತ ಗೆರೆ ಎಳೆದ ಹಾಳೆ ಗಣಿತ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿ ತಾಳ ಹಾಕಿದ್ದು ಸಂಗೀತ.

ಚಾರ್ಟರ್ ಬೇಡ, ಈ ರಗಳೆಯೇ ಬೇಡ ಅನ್ನುವವರು ಪ್ರೈವೇಟ್ ಸ್ಕೂಲ್ ಅಫಿಡವಿಟ್ ದಾರಿ ಹಿಡಿಯುತ್ತಾರೆ. ಅಂದರೆ ‘ನಾವೇ ಖಾಸಗಿ ಶಾಲೆ ನಡೆಸುತ್ತಿದ್ದೇವೆ’ ಅನ್ನುವ ಪ್ರಮಾಣಪತ್ರವನ್ನು ಪ್ರತಿ ವರ್ಷ ಅಕ್ಟೋಬರ್ 1ರಿಂದ 15ರೊಳಗೆ ರಾಜ್ಯದ ಶಿಕ್ಷಣ ಇಲಾಖೆಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಆಗ ಮನೆಯೇ ಒಂದು ಖಾಸಗಿ ಶಾಲೆ. ಸ್ಯಾಂಪಲ್ ಯಾರಿಗೂ ಕಳಿಸಬೇಕಿಲ್ಲ. ಆದರೆ ಹಾಜರಿ ಪುಸ್ತಕ ಅಲ್ಲೂ ಬೇಕು, ಅರ್ಧ ದಿನ ಅಥವಾ ಅದಕ್ಕಿಂತ ಹೆಚ್ಚಿನ ಪ್ರತಿ ಗೈರುಹಾಜರಿಯನ್ನೂ ಅದರಲ್ಲಿ ಬರೆದಿರಬೇಕು. ಚಾರ್ಟರ್ ಓದಿನ ಖರ್ಚಿಗೆ ಕೊಡುವ ದುಡ್ಡೂ ಟೀಚರೂ ಈ ದಾರಿಯಲ್ಲಿ ಇರಲ್ಲ.

ಬೇರೆ ರಾಜ್ಯಕ್ಕೆ ಹೋದರೆ ಲೆಕ್ಕವೇ ಬೇರೆ. ಟೆಕ್ಸಸ್‌ನಲ್ಲಿ ಯಾರಿಗೂ ಏನೂ ಕಳಿಸಬೇಕಿಲ್ಲ. ನ್ಯೂಯಾರ್ಕ್‌ನಲ್ಲಿ ಮೂರು ತಿಂಗಳಿಗೊಂದು ವರದಿ, ಆರನೇ ಕ್ಲಾಸಿನವರೆಗೆ ವರ್ಷಕ್ಕೆ 900 ಗಂಟೆಯ ಪಾಠ, ಆಮೇಲೆ 990. ಪೆನ್ಸಿಲ್ವೇನಿಯಾದಲ್ಲಿ ಓದಿದ ಪುಸ್ತಕಗಳ ಹೆಸರು ಬರೆದ ಲಾಗ್ ಮತ್ತು ಸ್ಯಾಂಪಲ್‌ಗಳನ್ನು ಒಬ್ಬ ಪರಿಶೀಲಕರು ನೋಡಬೇಕು. ಕೆಲಸ ಬದಲಾಗಿ ಊರು ಬಿಡುವ ಸಾಧ್ಯತೆ ಇದ್ದರೆ ಓದಿದ ಪುಸ್ತಕಗಳ ಪಟ್ಟಿಯನ್ನಂತೂ ಬೇರೆ ಇಟ್ಟುಕೊಳ್ಳಿ. ಬೆಂಗಳೂರಿಗೆ ವಾಪಸ್ ಹೋಗಿ ಎನ್‌ಐಒಎಸ್ (ಭಾರತದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟುವ ಯೋಚನೆ ಇರುವವರಿಗೆ, ಅಲ್ಲಿ ಮಗುವಿಗೆ 14 ತುಂಬಿರಬೇಕು. ದಿನದ ಲಾಗ್ ಅಲ್ಲಿ ಯಾರೂ ಕೇಳಲ್ಲ.

ಕೊನೆಗೆ, ನೀವು ಕೇಳಿಲ್ಲ, ಆದರೂ ಒಂದಲ್ಲ ಒಂದು ತಿಂಗಳು ಕೇಳಿಯೇ ಕೇಳುತ್ತೀರಿ: ಮೂರು ವಾರ ಬರೆಯೋಕೆ ಆಗಲೇ ಇಲ್ಲ, ಈಗೇನು ಮಾಡಲಿ? ಫೋನಿನ ಫೋಟೋಗಳನ್ನು ತಾರೀಖಿನ ಪ್ರಕಾರ ನೋಡಿ. ಲೈಬ್ರರಿ ಖಾತೆಯಲ್ಲಿ ಯಾವ ದಿನ ಯಾವ ಪುಸ್ತಕ ತಂದಿರಿ ನೋಡಿ. ಗಣಿತದ ಆ್ಯಪ್ ಬಳಸುತ್ತಿದ್ದರೆ ಅದರಲ್ಲೂ ದಿನಾಂಕ ಇರುತ್ತೆ. ಸಿಕ್ಕಿದ್ದನ್ನು ಬರೆಯಿರಿ, ಸಿಗದ ದಿನಗಳ ಬಗ್ಗೆ ಟೀಚರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ. ಊಹೆಯಿಂದ ತುಂಬಲು ಹೋಗಬೇಡಿ. ನಾನು ಹೋಗಿದ್ದೆ. ಟೀಚರ್ ಜೊತೆಗಿನ ಮೀಟಿಂಗ್‌ನ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಕೂತು 20 ದಿನದ ಲಾಗ್ ಒಂದೇ ಉಸಿರಿಗೆ ತುಂಬಿದೆ. ಎಲ್ಲ ದಿನಕ್ಕೂ ಟಿಕ್. ಮರುದಿನ ಟೀಚರ್ ನಿಧಾನವಾಗಿ ಓದುತ್ತಾ ಬಂದು ನವೆಂಬರ್ 11ರ ಹತ್ತಿರ ನಿಂತರು. ‘ಅವತ್ತು ಲೈಬ್ರರಿಗೆ ಹೋಗಿದ್ರಾ?’ ಅಂತ ಕೇಳಿದರು. ಹೌದು, ಎರಡು ಗಂಟೆ ಇದ್ವಿ ಅಂದೆ. ಅವರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ವೆಟರನ್ಸ್ ಡೇ. ಶಾಲೆಗೆ ರಜೆ, ಲೈಬ್ರರಿಗೂ ರಜೆ. ಮಗಳು ನನ್ನ ಮುಖ ನೋಡಿ, ‘ಅಮ್ಮಾ, ಅವತ್ತು ನಾವು ಕಾಸ್ಟ್‌ಕೋಗೆ ಹೋಗಿದ್ವಿ ಅಲ್ವಾ?’ ಅಂದಳು.