ಧಾಟಿಯನ್ನು ಧಾಟಿಯಿಂದಲೇ ಹುಡುಕುವುದು

ಕಾಸರಗೋಡಿನ ಜನಪದ ಹಾಡುಗಳ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸಾಹಿತ್ಯ, ಅದೂ ಮೊದಲ ಸಾಲಿನ ಅಕಾರಾದಿ ಕ್ರಮದಲ್ಲಿ. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಒಂದೇ ಪೇಟೆಯಲ್ಲಿ ಕೇಳಿಬರುವ ಈ ನೆಲಕ್ಕೆ ಆ ಕ್ರಮ ಸಾಲದು. ನೇಜಿ (ಭತ್ತದ ಸಸಿ) ನೆಡುವಾಗಿನ ತುಳು ಹಾಡಿನ ಧಾಟಿಗೆ ಯಾರಾದರೂ ಕನ್ನಡದ ಶೋಭಾನೆಯನ್ನು ಹೊಂದಿಸಿದರೆ, ಅಂತಹ ಪಟ್ಟಿಯಲ್ಲಿ ಅವೆರಡರ ನಂಟು ಎಂದಿಗೂ ಕಾಣಿಸುವುದಿಲ್ಲ.

ಕ್ರಿಸ್ ವಾಲ್‌ಶಾ ರೂಪಿಸಿದ ಎಬಿಸಿ ಎಂಬ ಸ್ವರಲಿಪಿ ಇಲ್ಲಿ ನೆರವಿಗೆ ಬರುತ್ತದೆ. ಐರೋಪ್ಯ ಜನಪದ ಧಾಟಿಗಳಿಗಾಗಿ ಹುಟ್ಟಿದ ಇದರಲ್ಲಿ ಸ್ವರಗಳೆಲ್ಲ ಕೀಲಿಮಣೆಯ ಅಕ್ಷರಗಳೇ. ಅಕ್ಷರದ ನಂತರ 2 ಎಂದು ಬರೆದರೆ ಆ ಸ್ವರದ ಕಾಲ ಇಮ್ಮಡಿಯಾಗುತ್ತದೆ. ಪ್ರತಿ ಧಾಟಿಯ ತಲೆಯಲ್ಲಿ ಕ್ರಮಸಂಖ್ಯೆ, ಹೆಸರು, ತಾಳದ ಅಳತೆ, ಊರು, ಹಾಡಿದವರ ವಿವರ ಇತ್ಯಾದಿಗಳಿಗೆ ಒಂದೊಂದು ಸಾಲಿದೆ. 2011ರ 2.1ನೇ ಆವೃತ್ತಿ ಯೂನಿಕೋಡನ್ನು ಒಪ್ಪುವುದರಿಂದ ಆ ವಿವರಗಳನ್ನು ಕನ್ನಡದಲ್ಲೇ ಬರೆಯಬಹುದು. ಸಾವಿರ ಧಾಟಿಗಳಾದರೂ ಕೆಲವೇ ಎಂಬಿಯಲ್ಲಿ ಅಡಗುತ್ತವೆ.

ಧಾಟಿಗಳು ಹೆಚ್ಚಿದಷ್ಟೂ ಹುಡುಕುವುದು ಕಷ್ಟವಾಗುತ್ತದೆ. ಡೆನಿಸ್ ಪಾರ್ಸನ್ಸ್ 1975ರಲ್ಲಿ ಪ್ರಕಟಿಸಿದ ಉಪಾಯ ಬಹಳ ಸರಳವಾದದ್ದು: ಸ್ವರ ಯಾವುದೆಂಬುದನ್ನು ಬಿಟ್ಟು, ಹಿಂದಿನದಕ್ಕಿಂತ ಏರಿತೇ, ಇಳಿಯಿತೇ, ಅಲ್ಲೇ ನಿಂತಿತೇ ಎಂಬುದನ್ನಷ್ಟೇ ಗುರುತಿಸುವುದು. ‘ಸ ರಿ ಗ ಗ ರಿ ಸ’ ಎಂಬುದು ‘ಏರು, ಏರು, ಸಮ, ಇಳಿ, ಇಳಿ’ ಆಗುತ್ತದೆ. ಹಾಡುವವರ ಶ್ರುತಿ ಯಾವುದಿದ್ದರೂ ಈ ಗುರುತು ಬದಲಾಗದು. ಇನ್ನೊಬ್ಬರು ಅದನ್ನೇ ‘ಸ ರಿ ಗ ಮ ಗ ರಿ ಸ’ ಎಂದು ಮಧ್ಯಮವನ್ನು ಮುಟ್ಟಿ ಬಂದರೆ ಗುರುತು ‘ಏರು, ಏರು, ಏರು, ಇಳಿ, ಇಳಿ, ಇಳಿ’ ಆಗುತ್ತದೆ. ಒಂದು ಗುರುತನ್ನು ಬದಲಿಸಿ ಇನ್ನೊಂದನ್ನು ಸೇರಿಸಿದರೆ ಎರಡೂ ಒಂದೇ ಆಗುತ್ತವೆ; ಅಂದರೆ ಅವುಗಳ ನಡುವಿನ ಅಂತರ ಎರಡು. ಹೀಗೆ ಅಳೆಯುವ ಲೆಕ್ಕವನ್ನು ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಮುಂದಿಟ್ಟರು. ಅಂತರ ಕಡಿಮೆಯಿರುವ ಧಾಟಿಗಳನ್ನು ಕಂಪ್ಯೂಟರ್ ಹೆಕ್ಕಿ ಕೊಡುತ್ತದೆ, ಆದರೆ ಅವು ನಿಜಕ್ಕೂ ಬಂಧುಗಳೇ ಎಂದು ನಿರ್ಧರಿಸಲು ಹಾಡು ಬಲ್ಲವರ ಕಿವಿಯೇ ಬೇಕು.

ಹಾಗೆ ಸಿಕ್ಕ ಹತ್ತಿರದ ರೂಪಗಳಲ್ಲಿ ಒಂದನ್ನು ‘ಸರಿ’ಯೆಂದು ಉಳಿಸಿಕೊಂಡು ಮಿಕ್ಕವನ್ನು ಅಳಿಸುವುದು ದೊಡ್ಡ ನಷ್ಟವೆಂದು ನಾನು ನಂಬುತ್ತೇನೆ, ಏಕೆಂದರೆ ಮಂಜೇಶ್ವರದಲ್ಲಿ ಹಾಡಿದ್ದು ಬದಿಯಡ್ಕದಲ್ಲಿ ಹೇಗೆ ಬದಲಾಯಿತೆಂಬುದೇ ಆ ಧಾಟಿಯ ಚರಿತ್ರೆ. ಪ್ರತಿಯೊಂದಕ್ಕೂ ಬೇರೆ ಕ್ರಮಸಂಖ್ಯೆ ಕೊಟ್ಟು, ಬಂಧುಗಳ ಸಂಖ್ಯೆಗಳನ್ನು ಟಿಪ್ಪಣಿಯ ಸಾಲಿನಲ್ಲಿ ನಮೂದಿಸಿದರೆ ಯಾವುದೂ ಕಳೆದುಹೋಗದು. ಊರಿನ ಹೆಸರನ್ನು ಎಲ್ಲೆಡೆ ಒಂದೇ ರೀತಿ ಬರೆಯಬೇಕು. ‘ಮಂಜೇಶ್ವರ’, ‘ಮಂಜೇಶ್ವರಂ’ ಎಂದು ಎರಡು ಬಗೆಯಾದರೆ ಹುಡುಕಾಟದಲ್ಲಿ ಅವು ಎರಡು ಊರುಗಳೇ ಆಗಿಬಿಡುತ್ತವೆ.

ಪಾಡ್ದನದ (ತುಳುವಿನ ಕಥನ ಹಾಡಿನ) ಎಳೆತ, ಸ್ವರದಿಂದ ಸ್ವರಕ್ಕೆ ಜಾರುವ ಬಗೆ, ಉಸಿರು ನಿಲ್ಲುವ ಜಾಗ ಇವು ಅಕ್ಷರಕ್ಕೆ ಪೂರ್ತಿ ಸಿಗುವಂಥವಲ್ಲ. ಆದ್ದರಿಂದ ಷಡ್ಜವನ್ನು, ಅಂದರೆ ‘ಸ’ ಸ್ವರವನ್ನು, ಎಲ್ಲ ಧಾಟಿಗಳಲ್ಲೂ ಒಂದೇ ಅಕ್ಷರದಿಂದ ಸೂಚಿಸಿ, ಹಾಡಿದವರ ನಿಜವಾದ ಶ್ರುತಿಯನ್ನೂ ಧ್ವನಿಮುದ್ರಣದ ಕಡತದ ಹೆಸರನ್ನೂ ಅದೇ ಟಿಪ್ಪಣಿಯಲ್ಲಿ ಬರೆದಿಡುವುದು ಒಳ್ಳೆಯದು.